ಕಂಬಳಿಯ ಮೇಲೆ ಕೊಟ್ಟ ಮಾತು

ಸರ್ಕಾರದವರು ನಿಮ್ಮೂರ ಶಾಲೆಯನ್ನು ಎತ್ತಿಸಿದ್ದು ಒಳ್ಳೆಯ ಕೆಲಸಕ್ಕೇ ಅಲ್ಲವೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಕಿವಿ ಕೇಳದ ಮಕ್ಕಳ ಶಾಲೆಗೆ ಜಾಗ ಬಿಟ್ಟುಕೊಟ್ಟ ಊರು ನಿಮ್ಮದು, ಪುಣ್ಯದ ಕೆಲಸ ಎನ್ನುತ್ತಾರೆ. ವಯಸ್ಸಾದ ಮೇಲೆ ನನ್ನ ನಾಲಿಗೆ ಸ್ವಲ್ಪ ಹದಕ್ಕೆ ಬಂದಿದೆ, ಹೊಟ್ಟೆಯೊಳಗಿನ ಉರಿ ಮಾತ್ರ ಹಾಗೇ ಇದೆ. ಕಿವಿ ಕೇಳದ ಮಗು ಒಂದು ನಮ್ಮ ಮನೆಯಲ್ಲೇ ಇತ್ತು, ನನ್ನ ತಂಗಿ. ಆ ಪುಣ್ಯದ ಶಾಲೆ ಬಂದದ್ದರಿಂದ ಇದ್ದ ಶಾಲೆಯನ್ನೂ ಕಳೆದುಕೊಂಡವಳು ಅವಳು.

ಎಪ್ಪತ್ತರ ದಶಕದ ಮಾತು. ನಮ್ಮೂರು ಚಿಕ್ಕಜಾಜೂರಿನಿಂದ ಹೊಳಲ್ಕೆರೆ ಕಡೆಗೆ ಹೋಗುವ ರೈಲುಹಳಿಯ ಪಕ್ಕದಲ್ಲಿತ್ತು. ಹಳಿಯ ಈಚೆ ಊರು, ಆಚೆ ಗೋಮಾಳ. ದಾಟಲು ಗೇಟು ಇರಲಿಲ್ಲ, ಗೇಟು ಬೇಕಾಗುವಂಥ ಓಡಾಟವೂ ಇರಲಿಲ್ಲ. ನಾವು ಕುರಿ ಸಾಕುವ ಜನ. ಊರ ಅಂಚಿನಲ್ಲಿದ್ದ ನಮ್ಮ ಹಳೆಯ ಕುರಿಹಟ್ಟಿಯ ಜಾಗವನ್ನು ಅಜ್ಜ ಶಾಲೆಗೆಂದು ಬಿಟ್ಟುಕೊಟ್ಟಿದ್ದ. ಊರವರು ಕಲ್ಲು ಹೊತ್ತು, ಮಣ್ಣು ಕಲಸಿ, ಹೆಂಚು ಹೊದಿಸಿ ಮೂರು ಕೋಣೆ ಎಬ್ಬಿಸಿದ್ದರು. ಮಳೆ ಬಂದಾಗ ನೆಲದಿಂದ ಹಿಕ್ಕೆಯ ವಾಸನೆ ಏಳುತ್ತಿತ್ತು. ಪಕ್ಕದ ಊರಿನವರು "ಕುರಿ ಇಸ್ಕೂಲು" ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಅವರ ಊರಿನಲ್ಲಿ ಅದೂ ಇರಲಿಲ್ಲ.

ಶಾಲೆ ನಮ್ಮ ಮನೆಯ ಎದುರಿಗೇ. ನಾನು ಮೂರನೇ ಕ್ಲಾಸು, ತಂಗಿ ನನಗಿಂತ ಚಿಕ್ಕವಳು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳದು, ಹಾಗಾಗಿ ಮಾತೂ ಬಾರದು. ಆದರೆ ಮನೆಯಲ್ಲಿ ಅದೊಂದು ದೊಡ್ಡ ಕೊರತೆ ಎಂದು ನಮಗೆ ಅಷ್ಟಾಗಿ ಅನ್ನಿಸಿರಲಿಲ್ಲ. ಅದಕ್ಕೆ ಕಾರಣ ಅಜ್ಜ. ಕುರಿ ಕಾಯುವವರು ಬಯಲಲ್ಲಿ ಕೂಗಿ ಗಂಟಲು ಹರಿದುಕೊಳ್ಳುವುದಿಲ್ಲ, ಗಾಳಿಗೆ ಕೂಗು ಎತ್ತಲೋ ಹೋಗಿಬಿಡುತ್ತದೆ. ದಿಬ್ಬದ ಮೇಲೆ ನಿಂತು ಕಂಬಳಿಯಲ್ಲಿ ಮಾತಾಡುತ್ತಾರೆ. ಕಂಬಳಿಯನ್ನು ತಲೆಯ ಮೇಲೆತ್ತಿದರೆ 'ಬಾ' ಎಂದು. ಪಕ್ಕಕ್ಕೆ ಬೀಸಿದರೆ 'ಅಲ್ಲಿಂದ ಸರಿ' ಎಂದು. ಕೋಲನ್ನು ಎರಡೂ ಕೈಯಲ್ಲಿ ಎದೆಗೆ ಅಡ್ಡ ಹಿಡಿದರೆ 'ಮುಂದೆ ದಾರಿಯಿಲ್ಲ, ತಿರುಗು' ಎಂದು. ಹೊಸದುರ್ಗದ ಕಡೆಯ ಬಯಲುಗಳಲ್ಲಿ ಅಜ್ಜ ಮತ್ತು ಅವನ ತಮ್ಮಂದಿರು ಹೀಗೇ ಮಾತಾಡಿಕೊಂಡು ಮುದುಕರಾದವರು. ತಂಗಿಗೆ ಆ ಭಾಷೆ ಯಾರೂ ಕಲಿಸದೆ ಬಂತು. ಓಣಿಯಲ್ಲಿ ಆಡುತ್ತಿದ್ದವಳು ಅಜ್ಜನ ಕಂಬಳಿ ಮೇಲೇಳುವುದನ್ನು ಕಣ್ಣಂಚಿನಲ್ಲಿ ಕಂಡರೆ ಸಾಕು, ಆಟ ಬಿಟ್ಟು ಓಡುತ್ತಿದ್ದಳು. ಕಿವಿ ಸರಿಯಿದ್ದ ನಾನು ಕರೆದರೆ ಅಷ್ಟು ಬೇಗ ಓಡಿದವಳಲ್ಲ.

ನಾನು ಪಾಟಿಚೀಲ ಹೆಗಲಿಗೆ ಹಾಕಿಕೊಂಡರೆ ಅವಳೂ ಒಂದು ಒಡೆದ ಸ್ಲೇಟು ಹಿಡಿದು ಹೊರಡುತ್ತಿದ್ದಳು. ಹಾಜರಿಯಲ್ಲಿ ಅವಳ ಹೆಸರಿರಲಿಲ್ಲ. ಅವ್ವ ಸಂಕೋಚಪಟ್ಟು ಎಳೆದುಕೊಂಡು ಹೋಗಲು ಬಂದರೆ ನಮ್ಮ ಮೇಷ್ಟ್ರು ಬಿಡಲಿಲ್ಲ. "ಇರ್ಲಿ ಬಿಡವ್ವ, ಕುಂತ್ಕಳ್ಳಿ. ಅವಳು ಕುಂತ್ರೆ ನೆಲ ಏನು ಸವೆದು ಹೋಗ್ತೈತಾ?" ಎಂದರು. ಒಂದು ದಿನ ಅವರು ಅವಳ ಸ್ಲೇಟಿನ ಮೇಲೆ 'ಕುರಿ' ಎಂದು ಬರೆದು, ಗದ್ದ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಹೊರಗೆ ಅಜ್ಜನ ಮಂದೆ ಹೋಗುತ್ತಿತ್ತು. ಅವಳು ಸ್ಲೇಟು ನೋಡಿದಳು, ಮಂದೆ ನೋಡಿದಳು, ಮತ್ತೆ ಸ್ಲೇಟು ನೋಡಿದಳು. ಆಮೇಲೆ ಎದ್ದು ಕೋಣೆಯ ತುಂಬ ಕುಣಿದಳು. ಸಂಜೆಯೊಳಗೆ ನಮ್ಮ ಮನೆಯ ಗೋಡೆ, ಶಾಲೆಯ ಗೋಡೆ, ಬಾವಿಕಟ್ಟೆ, ಎಲ್ಲೆಲ್ಲೂ ಇದ್ದಿಲಿನಲ್ಲಿ ಕುರಿ, ಕುರಿ, ಕುರಿ. ಅವ್ವ ಬೈಯುತ್ತಲೇ ನಕ್ಕಳು. ಅಜ್ಜ ಗೋಡೆಯ ಮುಂದೆ ನಿಂತು, "ಇದು ನಮ್ಮ ಕುರೀನಾ? ಮೂತಿನೇ ಕಾಣಾಕಿಲ್ವಲ್ಲೇ" ಎಂದು ನನ್ನನ್ನು ಕೇಳಿದ. ಆದರೆ ಕಣ್ಣು ಒರೆಸಿಕೊಂಡ. ಓದು ಬಾರದ ಮನೆಯಲ್ಲಿ ಮೊದಲು ಮನೆಯ ಗೋಡೆಗೆ ಅಕ್ಷರ ಬರೆದವಳು ಮಾತು ಬಾರದ ಆ ಹುಡುಗಿ.

ಆ ವರ್ಷ ಬೇಸಿಗೆಗೆ ಮುಂಚೆ ಊರಿಗೆ ಜೀಪು ಬಂತು. ಅದರಿಂದಿಳಿದ ಅಧಿಕಾರಿ ಶಾಲೆಯ ಸುತ್ತ ಓಡಾಡಿ, ಬಾವಿಯ ನೀರು ಸೇದಿಸಿ ನೋಡಿ, ಗೋಡೆ ತಟ್ಟಿ, ಬಹಳ ಚೆನ್ನಾಗಿದೆ ಎಂದರು. ಯಾವ ಇಲಾಖೆಯವರೆಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಜಿಲ್ಲೆಯ ಕಿವುಡ ಮಕ್ಕಳಿಗೆ ಒಂದು ಶಾಲೆ ಆಗಬೇಕು, ಅದಕ್ಕೆ ಈ ಕಟ್ಟಡ ಬೇಕು, ನಿಮ್ಮ ಮಕ್ಕಳಿಗೆ ಹಳಿಯ ಆಚೆ ಗೋಮಾಳದಲ್ಲಿ ಬೇರೆ ಕಟ್ಟಿಸಿಕೊಡುತ್ತೇವೆ, ಅಲ್ಲಿಯವರೆಗೆ ತಗಡಿನ ಶೆಡ್ಡು ಹಾಕಿಸುತ್ತೇವೆ ಎಂಬುದು ಅವರ ಮಾತು. ಊರು ಒಪ್ಪಲಿಲ್ಲ. ಶಾಲೆಯ ಮುಂದಿನ ಬೇವಿನ ಕಟ್ಟೆಯಲ್ಲಿ ಕೂತವರೆಲ್ಲ ಒಟ್ಟಿಗೆ ಬಾಯಿ ಮಾಡಿದರು. "ನಾವು ಹೊತ್ತ ಕಲ್ಲು ಕಣ್ರಿ ಇವು. ನಮ್ಮ ಮಕ್ಳು ಯಾಕೆ ಹಳಿ ದಾಟಿ ಹೋಗ್ಬೇಕು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಅಧಿಕಾರಿಗೆ ಯಾರೋ ಕಿವಿಯಲ್ಲಿ ಹೇಳಿರಬೇಕು, ಜಾಗ ಕೊಟ್ಟ ಮುದುಕ ಒಪ್ಪಿದರೆ ಊರು ಒಪ್ಪುತ್ತದೆ, ಮುದುಕನಿಗೊಬ್ಬಳು ಕಿವುಡ ಮೊಮ್ಮಗಳಿದ್ದಾಳೆ ಎಂದು. ಅವರು ನೇರ ನಮ್ಮ ಮನೆಗೆ ಬಂದರು. ತಂಗಿಯ ತಲೆ ಸವರಿ, "ಯಜಮಾನ್ರೆ, ಇಂಥ ಮಕ್ಕಳಿಗಾಗಿಯೇ ನಾವು ಒದ್ದಾಡ್ತಿರೋದು. ಇವಳಿಗೂ ಅಲ್ಲಿ ಮಾತು ಕಲಿಸ್ತಾರೆ. ಮೊದಲನೇ ಸೀಟು ಇವಳಿಗೇ" ಎಂದರು.

ಇವಳಿಗೂ ಮಾತು ಬರುತ್ತದೆ ಎಂಬುದನ್ನು ಅಜ್ಜ ಅದಕ್ಕೆ ಮುಂಚೆ ಯಾರ ಬಾಯಲ್ಲೂ ಕೇಳಿರಲಿಲ್ಲ. ಅವನು ಒಳಗೆ ಹೋಗಿ ಕರಿ ಕಂಬಳಿ ತಂದ. ದಿನಾ ಹೊದೆಯುವುದಲ್ಲ, ದೇವರ ಕೆಲಸಕ್ಕೆಂದು ಮಡಿಚಿಟ್ಟದ್ದು. ನಮ್ಮಲ್ಲಿ ಮದುವೆಯ ಮಾತಾಗಲಿ, ಅಣ್ಣತಮ್ಮಂದಿರ ಜಗಳವಾಗಲಿ, ಕರಿ ಕಂಬಳಿ ಹಾಸಿ ಕೂತು ಆಡಿದರೆ ಮುಗಿಯಿತು. ಅದು ಗದ್ದುಗೆ. ಅದರ ಮೇಲೆ ಕೂತು ಆಡಿದ ಮಾತನ್ನು ಮುರಿದವನಿಗೆ ಹೆಣ್ಣು ಕೊಡುವವರಿಲ್ಲ, ಅವನ ಮನೆಯ ನೀರು ಕುಡಿಯುವವರಿಲ್ಲ. ಅಜ್ಜ ಕಂಬಳಿಯನ್ನು ಬೇವಿನ ಕಟ್ಟೆಯ ಮೇಲೆ ಎಲ್ಲರೆದುರು ಹಾಸಿ, "ಇದ್ರ ಮ್ಯಾಲೆ ಕುಂತ್ಕಳ್ರಿ ಸಾಹೇಬ್ರೆ. ಕುಂತು ಆ ಮಾತು ಇನ್ನೊಂದು ಸಾರಿ ಹೇಳ್ರಿ" ಎಂದ.

ಅಧಿಕಾರಿ ನಕ್ಕು, ತಂದಿಟ್ಟಿದ್ದ ಕುರ್ಚಿ ಬಿಟ್ಟು ಕಂಬಳಿಯ ಮೇಲೆ ಕೂತರು. ಬೂಟು ಬಿಚ್ಚಲಿಲ್ಲ. ಅಜ್ಜ ಅದನ್ನು ಕಂಡೂ ಕಾಣದಂತಿದ್ದ. "ಮೊದಲನೇ ಸೀಟು ನಿಮ್ಮ ಮೊಮ್ಮಗಳಿಗೇ ಯಜಮಾನ್ರೆ, ಸಾಕಾ?" ಎಂದರು. ಊರು ತಲೆಯಾಡಿಸಿತು. ಕಂಬಳಿಯ ಮೇಲೆ ಮಾತಾದ ಮೇಲೆ ಇನ್ನೇನಿದೆ? ಮೇಷ್ಟ್ರು ಮಾತ್ರ ಅಜ್ಜನ ಹತ್ತಿರ ಬಂದು, ಇದನ್ನು ಒಂದು ಕಾಗದದಲ್ಲಿ ಬರೆಸಿಕೊಳ್ಳೋಣ ಎಂದರು. ಅಜ್ಜನಿಗೆ ಸಿಟ್ಟೇ ಬಂತು. "ಕಂಬಳಿ ಮ್ಯಾಲೆ ಕುಂತೋರ ಹತ್ರ ಬರೆಸ್ಕಂತಾರೇನ್ರಿ ಮೇಷ್ಟ್ರೆ? ಅವರಿಗೆ ಮರ್ಯಾದಿ ಕಮ್ಮಿ ಮಾಡಿದಂಗಾಗಲ್ವಾ?" ಎಂದ. ಕುರ್ಚಿ ಬಿಟ್ಟು ಕೆಳಗೆ ಕೂತ ಅಧಿಕಾರಿ ಎಂದು ಊರವರು ವಾರಗಟ್ಟಲೆ ಹೊಗಳಿದರು.

ಅಜ್ಜ ಅವತ್ತು ಸಂಜೆ ತಂಗಿಯನ್ನು ಶಾಲೆಯ ಬಾಗಿಲಿಗೆ ಕರೆದುಕೊಂಡು ಹೋದ. ಅವಳ ಎದೆ ಮುಟ್ಟಿದ, ಬಾಗಿಲು ತೋರಿಸಿದ, ತನ್ನ ಬಾಯಿ ತೋರಿಸಿ ಅವಳ ಬಾಯಿ ತೋರಿಸಿದ. ನೀನು ಇಲ್ಲಿ ಬರುತ್ತೀ, ನಮ್ಮ ಹಾಗೆ ಮಾತಾಡುತ್ತೀ. ಅವಳಿಗೆ ಅರ್ಥವಾಯಿತು. ಅವನ ಕೈ ಹೇಳಿದ್ದು ಅವಳಿಗೆ ಯಾವತ್ತೂ ಅರ್ಥವಾಗದೆ ಇದ್ದದ್ದಿಲ್ಲ, ಸುಳ್ಳಾಗಿದ್ದದ್ದೂ ಇಲ್ಲ.

ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ನಮ್ಮ ಬೋರ್ಡು, ಮಣೆ, ಗಂಟೆ ಎಲ್ಲ ಎತ್ತಿನ ಗಾಡಿಯಲ್ಲಿ ಹಳಿ ದಾಟಿದವು. ಗೋಮಾಳದ ತಗಡಿನ ಶೆಡ್ಡಿನಲ್ಲಿ ಬಿಸಿಲ ಹೊತ್ತಿನಲ್ಲಿ ತಲೆ ಸುಡುತ್ತಿತ್ತು. ಮಳೆ ಬಂದರೆ ಮೇಷ್ಟ್ರ ಪಾಠ ನಮಗೂ ಕೇಳುತ್ತಿರಲಿಲ್ಲ. ಹೊಸ ಶಾಲೆ ಇನ್ನೂ ಶುರುವಾಗಿರಲಿಲ್ಲವಾದ್ದರಿಂದ ತಂಗಿ ಅಷ್ಟು ದಿನ ನನ್ನ ಜೊತೆಯಲ್ಲೇ ಬರುತ್ತಿದ್ದಳು. ಪ್ಯಾಸೆಂಜರ್ ರೈಲಿಗೆ ಒಂದು ಹೊತ್ತು ಗೊತ್ತು ಅಂತ ಇತ್ತು. ಅದಿರು ತುಂಬಿದ ಗೂಡ್ಸ್ ಗಾಡಿಗೆ ಅದಿಲ್ಲ. ಒಂದು ಬೆಳಗ್ಗೆ ಹಳಿ ದಾಟುವಾಗ ಅವಳು ನನ್ನ ಕೈ ಕೊಸರಿಕೊಂಡು, ವ್ಯಾಗನ್ನಿನಿಂದ ಉದುರಿದ್ದ ಮಿರುಗುವ ಅದಿರಿನ ಚೂರು ಹೆಕ್ಕಲು ಕೂತುಬಿಟ್ಟಳು. ತಿರುವಿನಲ್ಲಿ ಗೂಡ್ಸ್ ಕೂಗಿತು. ನಾನು ಚೀರಿದೆ. ನನ್ನ ಚೀರಾಟ ಅವಳಿಗೆ ಏನು ಮಾಡೀತು? ನಾನು ನಿಂತಲ್ಲೇ ನಿಂತೆ. ಅಷ್ಟರಲ್ಲಿ ಅವಳು ತಲೆಯೆತ್ತಿದಳು. ದೂರದ ದಿಬ್ಬದ ಮೇಲೆ ಮಂದೆಯ ನಡುವೆ ಅಜ್ಜ ಕಂಬಳಿಯನ್ನು ಪಕ್ಕಕ್ಕೆ ಬೀಸುತ್ತಿದ್ದ. ಯಾಕೆ, ಏನು ಎಂದು ಅವಳು ಹಿಂದೆ ತಿರುಗಿಯೂ ನೋಡಲಿಲ್ಲ. ಸರಿ ಎಂದ, ಸರಿದಳು. ಗಾಡಿ ನಮ್ಮಿಬ್ಬರ ಲಂಗ ಹಾರಿಸಿಕೊಂಡು ಹೋಯಿತು.

ಅವತ್ತಿನಿಂದ ಅವ್ವ ಅವಳನ್ನು ಹಳಿಯ ಹತ್ತಿರ ಬಿಡಲಿಲ್ಲ. ಮನೆಯೆದುರಿಗೇ ಅವಳ ಶಾಲೆ ಬರುತ್ತದೆ, ಅಲ್ಲಿಯವರೆಗೆ ಮನೆಯಲ್ಲಿರಲಿ ಎಂದಳು. ತಂಗಿ ಜಗಲಿಯ ಮೇಲೆ ಕೂತು, ಎದುರಿನ ಕಟ್ಟಡಕ್ಕೆ ಸುಣ್ಣ ಬಳಿಯುವವರನ್ನು ನೋಡುತ್ತಿದ್ದಳು. ಅವಳು ಬರೆದಿದ್ದ ಕುರಿಗಳ ಮೇಲೂ ಸುಣ್ಣ ಬಿತ್ತು. ಅವಳಿಗೆ ಬೇಸರವಾಗಲಿಲ್ಲ, ಬೆಳ್ಳನೆಯ ಗೋಡೆ ಕಂಡು ಖುಷಿಯೇ ಆಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಶಾಲೆ ಶುರುವಾಯಿತು. ಹಿರಿಯೂರು, ಹೊಸದುರ್ಗದ ಕಡೆಯಿಂದ ಟ್ರಂಕು ಹೊತ್ತ ಹುಡುಗರು ಬಂದಿಳಿದರು. ಅವ್ವ ತಂಗಿಗೆ ಎಣ್ಣೆ ಹಚ್ಚಿ ಎರೆದು, ಎರಡು ಜಡೆ ಹಾಕಿ, ಕನಕಾಂಬರ ಮುಡಿಸಿದಳು. ಅಜ್ಜ ಅವಳ ಕೈ ಹಿಡಿದು ರಸ್ತೆ ದಾಟಿದ, ಹಿಂದೆ ನಾನು. ಶಾಲೆಯ ಮುಖ್ಯಸ್ಥರು ಹೊಸಬರು, ಒರಟರೇನಲ್ಲ. ಅಜ್ಜ ಹೇಳಿದ್ದನ್ನೆಲ್ಲ ಕೇಳಿ, "ಇದು ಗಂಡುಹುಡುಗರ ಶಾಲೆ ಅಜ್ಜ. ಹೆಣ್ಣುಮಕ್ಕಳು ಇಲ್ಲಿ ಉಳಿದುಕೊಳ್ಳೋ ಹಾಗಿಲ್ಲ" ಎಂದರು.

"ಉಳಿಯೋದು ಯಾಕ್ರಿ? ನಮ್ಮನೆ ಅಲ್ಲೇ ಕಾಣ್ತೈತಲ್ಲ. ಓದಿ ಸಂಜಿಕೆ ಮನೀಗೆ ಬರ್ತಾಳೆ."

"ಇಲ್ಲೇ ಉಳಿಯುವ ಮಕ್ಕಳಿಗೆ ಮಾತ್ರ ಪ್ರವೇಶ. ಬಂದು ಹೋಗುವವರನ್ನು ಸೇರಿಸಿಕೊಳ್ಳೋ ಹಾಗಿಲ್ಲ."

ಹೆಣ್ಣಾದ್ದರಿಂದ ಉಳಿಯುವಂತಿಲ್ಲ, ಉಳಿಯದ್ದರಿಂದ ಓದುವಂತಿಲ್ಲ. ಸಾಹೇಬರು ಮಾತು ಕೊಟ್ಟಿದ್ದಾರೆ ಎಂದ ಅಜ್ಜ. ಯಾವ ಸಾಹೇಬರು, ಎಲ್ಲಿದೆ ಆದೇಶ ಎಂದರು ಅವರು. ಅಜ್ಜ ಕಂಬಳಿಯ ವಿಷಯ ಹೇಳಿದ. ಅವರಿಗೆ ಅದರ ತಲೆಬುಡ ತಿಳಿಯಲಿಲ್ಲ.

ಇದ್ದದ್ದಾದರೂ ಇರಲಿ ಎಂದು ಅಜ್ಜ ಮಾರನೆಯ ದಿನ ತಾನೇ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳಿ ದಾಟಿಸಿ ತಗಡಿನ ಶೆಡ್ಡಿಗೆ ತಂದ. ಆ ಹೊತ್ತಿಗೆ ನಮ್ಮ ಮೇಷ್ಟ್ರಿಗೆ ತಾಳ್ಯಕ್ಕೆ ವರ್ಗವಾಗಿತ್ತು. ಬದಲಿಗೆ ಬಂದವರು ಬಾಗಿಲಲ್ಲೇ ತಡೆದರು. "ಕಿವುಡರಿಗೆ ಬೇರೆ ಶಾಲೆ ಮಾಡಿಕೊಟ್ಟಿದಾರಲ್ಲ, ಅದೂ ನಿಮ್ಮ ಮನೆ ಎದುರಿಗೇ! ಇಲ್ಲಿಗೆ ಯಾಕೆ ತರ್ತೀರಿ?" ಎಂದು ಕೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನಮ್ಮ ಪಾಲಿಗೆ ಬಾಯಲ್ಲಿದ್ದ ತುತ್ತನ್ನೇ ಕಿತ್ತುಕೊಂಡಿದ್ದರು. ಬೇವಿನ ಕಟ್ಟೆಯಲ್ಲಿ ಜನ ಅಜ್ಜನಿಗೆ ಕೇಳುವಂತೆಯೇ, "ಮೊಮ್ಮಗಳ ಆಸೆಗೆ ಊರ ಇಸ್ಕೂಲು ಕೊಟ್ಟ. ಈಗ ಅವಳಿಗೂ ಇಲ್ಲ, ನಮ್ಮ ಮಕ್ಳಿಗೂ ಇಲ್ಲ" ಎಂದು ಆಡಿಕೊಂಡರು. ಕಂಬಳಿ ಹಾಸಿದಾಗ ತಲೆಯಾಡಿಸಿದವರೂ ಆ ಗುಂಪಿನಲ್ಲಿದ್ದರು. ಆ ಮುಖಗಳೆಲ್ಲ ನನಗೆ ನೆನಪಿವೆ.

ಅಜ್ಜ ಇನ್ನೂ ನಂಬಿಕೆ ಬಿಟ್ಟಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ, ಕೆಳಗಿನವರು ತಡೆಯುತ್ತಿದ್ದಾರೆ, ಸಾಹೇಬರಿಗೆ ಗೊತ್ತಾದರೆ ಸರಿಹೋಗುತ್ತದೆ ಎಂಬುದು ಅವನ ಲೆಕ್ಕ. "ನಡೀರವ್ವ, ಅವರನ್ನೇ ಕೇಳಾಣ" ಎಂದು ನಮ್ಮಿಬ್ಬರನ್ನೂ ಹೊರಡಿಸಿದ. ಬಸ್ಸಿನ ಬೋರ್ಡು ಓದಲು ನಾನು, ಸಾಹೇಬರಿಗೆ ತೋರಿಸಲು ತಂಗಿ. ಚಿತ್ರದುರ್ಗದ ಕಚೇರಿಯಲ್ಲಿ, ಸಾಹೇಬರು ಹಿರಿಯೂರಿಗೆ ಕ್ಯಾಂಪು ಹೋಗಿದ್ದಾರೆ ಎಂದರು. ಮತ್ತೆ ಬಸ್ಸು ಹತ್ತಿ ಹಿರಿಯೂರಿಗೆ ಹೋದೆವು. ಅಲ್ಲಿಯ ಪ್ರವಾಸಿ ಮಂದಿರದ ಜಗಲಿಯಲ್ಲಿ ಅವರು ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಅಜ್ಜ ಮೆಟ್ಟು ಕೆಳಗೆ ಬಿಟ್ಟು ಹತ್ತಿ, ಕೈ ಮುಗಿದ.

ಅವರಿಗೆ ಗುರುತೇ ಸಿಗಲಿಲ್ಲ. ಊರಿನ ಹೆಸರು ಹೇಳಿದ ಮೇಲೆ, "ಓ, ಆ ಬೇವಿನ ಮರದ ಶಾಲೆ!" ಎಂದು ನಕ್ಕರು. ಶಾಲೆ ಚೆನ್ನಾಗಿ ನಡೀತಿದೆಯಂತಲ್ಲ ಎಂದರು. ಅಜ್ಜ ಎಲ್ಲವನ್ನೂ ಹೇಳಿದ. ಅವರು ಸಮಾಧಾನವಾಗಿಯೇ ಕೇಳಿಸಿಕೊಂಡರು. "ನಿಯಮ ಹಾಗಿದೆ ಯಜಮಾನ್ರೆ. ಮುಂದೆ ಯಾವಾಗಲಾದರೂ ಹೆಣ್ಣುಮಕ್ಕಳಿಗೂ ಆದರೆ ನೋಡೋಣ" ಎಂದರು.

"ತಾವು ಕಂಬಳಿ ಮ್ಯಾಲೆ ಕುಂತು ಹೇಳಿದ್ರಿ, ಸ್ವಾಮಿ."

"ಯಾವ ಕಂಬಳಿ?" ಎಂದು ಅವರು ನೆನಪು ಮಾಡಿಕೊಂಡರು. "ಅದು ಕೂತ್ಕೊಳ್ಳೋಕೆ ಹಾಸಿದ್ದಲ್ವಾ ಅಜ್ಜ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಇವತ್ತಿಗೂ ತಡೆಯಲಾಗದ್ದು. ಅವರಿಗೆ ಅದು ನಿಜವಾಗಿಯೂ ಕೂರಲು ಹಾಸಿದ ಕಂಬಳಿ. ನಮ್ಮಜ್ಜ ಇಡೀ ಬಾಳಿನ ಮರ್ಯಾದೆಯನ್ನು ಹಾಸಿದ್ದ, ಇವರು ಧೂಳಾಗದಿರಲಿ ಎಂದು ಕೂತೆದ್ದು ಹೋಗಿದ್ದರು. ಅಧಿಕಾರಿ ತಂಗಿಯ ಕೆನ್ನೆ ತಟ್ಟಿ, ಒಳಗಿನಿಂದ ಬಿಸ್ಕತ್ತು ತರಿಸಿ ಕೈಗಿತ್ತು ನಕ್ಕರು. ಅಜ್ಜ ಇನ್ನೊಮ್ಮೆ ಕೈ ಮುಗಿದು ಮೆಟ್ಟಿಲಿಳಿದ.

ತಂಗಿಗೆ ಮಾತು ಕೇಳಿರಲಿಲ್ಲ. ಅವಳು ಕಂಡದ್ದು ಇಷ್ಟೇ: ನಕ್ಕ ಸಾಹೇಬರು, ಕೈ ಮುಗಿದ ಅಜ್ಜ, ಬಿಸ್ಕತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ತೋಳು ಜಗ್ಗಿ, ತನ್ನ ಎದೆ ಮುಟ್ಟಿ, ಬಾಯಿ ತೋರಿಸುತ್ತಿದ್ದಳು. ನಾನು ಹೋಗುತ್ತೇನೆ, ನಾನು ಮಾತಾಡುತ್ತೇನೆ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಅಜ್ಜ ಕಂಬಳಿಯ ಮುಸುಕು ಹಾಕಿಕೊಂಡಿದ್ದ.

ಮರುದಿನ ಬೆಳಗ್ಗೆ ಅವಳು ಯಾರಿಗೂ ಕಾಯದೆ, ಒಡೆದ ಸ್ಲೇಟು ಹಿಡಿದು ಎದುರಿನ ಬಾಗಿಲಿಗೆ ಹೊರಟಳು. ಒಳಗೆ ಹುಡುಗರು ಸಾಲು ನಿಂತಿದ್ದರು. ಅವರು ಕೈಯಲ್ಲೇ ಏನೋ ಹೇಳಿ ನಗುತ್ತಿದ್ದರು. ತಂಗಿಯೂ ನಕ್ಕಳು, ತನ್ನಂಥವರನ್ನು ಅವಳು ಅಷ್ಟು ಹತ್ತಿರದಿಂದ ಕಂಡದ್ದೇ ಅವತ್ತು. ಕಾವಲಿನವನು ರಟ್ಟೆ ಹಿಡಿದು ಎಳೆಯುವ ಮುಂಚೆ ಅಜ್ಜ ಓಡಿ ಹೋಗಿ ಅವಳ ಎದುರು ನಿಂತ. ಬೇರೆಯವರು ತಡೆಯುವುದಕ್ಕಿಂತ ತಾನೇ ತಡೆಯುವುದು ಮೇಲು ಎನಿಸಿತೋ ಏನೋ. ಎರಡೂ ಕೈಯಲ್ಲಿ ಕೋಲನ್ನು ಎದೆಗೆ ಅಡ್ಡ ಹಿಡಿದ. ಮುಂದೆ ದಾರಿಯಿಲ್ಲ, ತಿರುಗು.

ಅವಳು ಕೋಲು ನೋಡಿದಳು. ಅಜ್ಜನ ಮುಖ ನೋಡಿದಳು. ಅವಳಿಗೆ ನಿಯಮ ಗೊತ್ತಿಲ್ಲ, ಇಲಾಖೆ ಗೊತ್ತಿಲ್ಲ, ಕಂಬಳಿಯ ಮೇಲೆ ಯಾರು ಏನು ಆಡಿದರೆಂದು ಗೊತ್ತಿಲ್ಲ. ಅವಳಿಗೆ ಆ ಬಾಗಿಲು ತೋರಿಸಿ ಮಾತು ಕೊಟ್ಟವನು ಅಜ್ಜ. ಈಗ ಅದೇ ಬಾಗಿಲಲ್ಲಿ ಅಡ್ಡ ನಿಂತವನೂ ಅಜ್ಜನೇ. ಅವಳು ಅಳಲಿಲ್ಲ. ಸ್ಲೇಟನ್ನು ಅಲ್ಲೇ ನೆಲಕ್ಕಿಟ್ಟು ಮನೆಗೆ ಬಂದಳು.

ಇವತ್ತಿಗೂ ಅವಳು ನನ್ನ ಜೊತೆಯಲ್ಲೇ ಇದ್ದಾಳೆ. ಬ್ಯಾಂಕಿನಲ್ಲಿ ಸಹಿ ಮಾಡಮ್ಮ ಎಂದರೆ ಬಹಳ ಹುಷಾರಾಗಿ 'ಕುರಿ' ಎಂದು ಬರೆಯುತ್ತಾಳೆ. ಅವಳಿಗೆ ಉಳಿದ ಅಕ್ಷರ ಅಷ್ಟೇ. ಕೌಂಟರಿನ ಹುಡುಗಿ ನಗು ತಡೆದುಕೊಂಡರೆ ನನಗೆ ಹಿರಿಯೂರಿನ ಆ ಜಗಲಿ ನೆನಪಾಗುತ್ತದೆ.

ಅಜ್ಜನ ಮಾತು ಹೇಳಿ ಮುಗಿಸುತ್ತೇನೆ. ಶಾಲೆಯ ಬಾಗಿಲಲ್ಲಿ ಕೋಲು ಅಡ್ಡ ಹಿಡಿದ ಮೇಲೆ ಒಂದು ಸಂಜೆ ಅವನು ದಿಬ್ಬದ ಮೇಲಿನಿಂದ ಎಂದಿನಂತೆ ಕಂಬಳಿ ಮೇಲೆತ್ತಿದ. ನಾನೂ ತಂಗಿಯೂ ಬಾವಿಕಟ್ಟೆಯಲ್ಲಿದ್ದೆವು. ಅವಳು ನೋಡಿದಳು. ನೋಡಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ನಮ್ಮಂಥವರು ಕರೆದವರಿಗೆ ಓಗೊಡದೆ ಇರಬಹುದು, ಬೈಯಬಹುದು, ಜಗಳವಾಡಬಹುದು. ಅವಳಿಗೆ ಇದ್ದದ್ದು ಅದೊಂದೇ. ಅಜ್ಜ ಕಂಬಳಿ ಎತ್ತಿ ಹಿಡಿದೇ ನಿಂತಿದ್ದ. ನಾನು ಅವಳ ಭುಜ ಅಲುಗಿಸಿದೆ, ಅವಳು ಕಣ್ಣು ಬಿಡಲಿಲ್ಲ. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ ಹಾಗೇ. ಹಳಿಯ ಮೇಲೆ ಗೂಡ್ಸ್ ಹೋಗುವ ಸದ್ದು ಕೇಳಿದಾಗೆಲ್ಲ ಅವ್ವನ ಮುಖ ಬಿಳುಚಿಕೊಳ್ಳುತ್ತಿತ್ತು, ಇನ್ನು ಅವಳನ್ನು ಸರಿಸುವವರು ಯಾರು ಎಂದು.

ಕರಿ ಕಂಬಳಿಯನ್ನು ಅಜ್ಜ ಮತ್ತೆ ಯಾರಿಗೂ ಹಾಸಲಿಲ್ಲ. ದಿಬ್ಬದ ಮೇಲೆ ಕಂಬಳಿ ಎತ್ತುವುದನ್ನೂ ಬಿಟ್ಟ. ಅವಳನ್ನು ಕರೆಯಬೇಕಾದರೆ ಮಂದೆಯನ್ನು ಅಲ್ಲೇ ಬಿಟ್ಟು, ಕೋಲೂರಿಕೊಂಡು ಇಳಿದು ಬಂದು, ಅವಳ ಎದುರಿಗೆ ಕೂತು, ಅವಳು ತಾನಾಗಿ ಕಣ್ಣು ತೆರೆಯುವವರೆಗೆ ಕಾಯುತ್ತಿದ್ದ.